ಹಿಂದಿನ ಸೀಟಿನಿಂದ ಬಂದ ‘ಆಮೇಲೆ?’

ದೆವ್ವದ ಪುಸ್ತಕಗಳ ಹುಚ್ಚಿರುವವನು ತನಗೇ ಅಂಥ ಅನುಭವವಾಯಿತು ಎಂದರೆ ಯಾರು ನಂಬುತ್ತಾರೆ? ‘ಓದಿ ಓದಿ ತಲೆ ಕೆಟ್ಟಿದೆ’ ಎನ್ನುತ್ತಾರೆ. ನನ್ನ ಹೆಂಡತಿಯೂ ಅದನ್ನೇ ಅಂದಳು. ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಆದರೆ ಆ ರಾತ್ರಿ ಬಸ್ಸಿನಲ್ಲಿ ನಾನೊಬ್ಬನೇ ಇರಲಿಲ್ಲ. ಜೊತೆಗಿದ್ದು ಕೇಳಿಸಿಕೊಂಡವರು ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ.

ನನ್ನ ಹೆಸರು ಲೋಕೇಶ, ಬಸ್ ಕಂಡಕ್ಟರ್. ಎರಡು ವರ್ಷದ ಹಿಂದೆ ತುರುವೇಕೆರೆಯಿಂದ ದಬ್ಬೇಘಟ್ಟ ದಾಟಿ ಹೋಗುವ ಒಂದು ಹಳ್ಳಿಗೆ ನೈಟ್ ಹಾಲ್ಟ್ ಡ್ಯೂಟಿ ಬಿತ್ತು. ರಾತ್ರಿಯ ಕೊನೆ ಟ್ರಿಪ್ ಮುಗಿಸಿ ಬಸ್ಸನ್ನು ಅಲ್ಲೇ ನಿಲ್ಲಿಸಿ, ಅದರಲ್ಲೇ ಮಲಗಿ, ಬೆಳಗಿನ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡಿಸಬೇಕು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಜನ ಬಾಳುತ್ತಿದ್ದಾರೆ.

ಡ್ರೈವರ್ ರುದ್ರಣ್ಣ ಚಿಕ್ಕನಾಯಕನಹಳ್ಳಿಯವರು. ನನಗಿಂತ ಬಹಳ ಹಿರಿಯರು, ಮಾತು ಕಡಿಮೆ. ಮೊದಲ ರಾತ್ರಿ ನಾನು ಹಿಂದಿನ ಉದ್ದ ಸೀಟಿನ ಮೇಲೆ ಹಾಸಿಕೊಳ್ಳಲು ಹೋದಾಗ ತಡೆದರು.

“ಅಲ್ಲಿ ಬ್ಯಾಡ ಕಣಪ್ಪ, ಸೆಕೆ. ಮುಂದೆ ಬಾ.”

ನನ್ನ ಚೀಲದಲ್ಲಿ ಯಾವಾಗಲೂ ಎರಡು ಪುಸ್ತಕ. ಒಂದು ನಿಜಕ್ಕೂ ಹೆದರಿಸುವಂಥದ್ದು. ಒಳಗಿನಿಂದ ಚಿಲಕ ಹಾಕಿದ ಕೋಣೆಗಳು, ಬಾವಿಯೊಳಗಿನಿಂದ ಹೆಸರು ಹಿಡಿದು ಕರೆಯುವವರು... ಇನ್ನೊಂದು ಮೆತ್ತನೆಯದು. ಅದರಲ್ಲಿ ಒಬ್ಬಳು ಅಜ್ಜಿ ದೆವ್ವ. ಬಾಣಂತಿಯರಿರುವ ಮನೆಗೆ ರಾತ್ರಿ ಬಂದು, ತೊಟ್ಟಿಲು ತೂಗಿ, ತಾಯಿಗೆ ಹೊದಿಸಿ, ಬೆಳಗಾಗುವ ಮುಂಚೆ ಹೊರಟುಬಿಡುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎಂದರೆ ಈಗಲೂ ಹೇಳಲಾರೆ. ಮೊದಲನೆಯದನ್ನು ಓದಿ ನಿದ್ದೆಗೆಟ್ಟರೆ ಎರಡನೆಯದನ್ನು ಓದಿ ಮಲಗುತ್ತಿದ್ದೆ.

“ಗಟ್ಟಿಯಾಗಿ ಓದು, ನಂಗೂ ಕೇಳ್ಲಿ” ಅಂದರು ರುದ್ರಣ್ಣ. ಅವತ್ತಿನಿಂದ ದಿನಾ ಓದು ಶುರುವಾಯಿತು. ಒಂದು ದಿನ ಸುಸ್ತಾಗಿ ಸುಮ್ಮನೆ ಮಲಗಿದರೂ ಬಿಡುತ್ತಿರಲಿಲ್ಲ. “ಒಂದೆರಡು ಪುಟ ಓದಪ್ಪ” ಎನ್ನುತ್ತಿದ್ದರು.

ಆ ರಾತ್ರಿ ಊರಿನಲ್ಲಿ ಕರೆಂಟಿರಲಿಲ್ಲ. ಸುತ್ತಲೂ ತೆಂಗಿನ ತೋಟ. ಗಾಳಿಗೆ ಗರಿಗಳು ಸರಸರ ಎನ್ನುತ್ತಿದ್ದವು. ನಡುನಡುವೆ ಎಲ್ಲೋ ಒಣಗಿದ ಗರಿಯೊಂದು ದಡ್ಡನೆ ಬೀಳುತ್ತಿತ್ತು. ಬಾಗಿಲನ್ನು ನಾನೇ ಭದ್ರ ಮಾಡಿದ್ದೆ. ಫೋನಿನ ಬೆಳಕಿನಲ್ಲಿ ಹೆದರಿಸುವ ಪುಸ್ತಕ ಓದುತ್ತಿದ್ದೆ. ಚಿಲಕ ತಾನಾಗಿಯೇ ಅಲುಗಾಡುವ ಜಾಗಕ್ಕೆ ಬಂದಾಗ ಆಕಳಿಕೆ ಬಂತು. ಪುಸ್ತಕ ಮುಚ್ಚಿದೆ.

“ಆಮೇಲೆ?”

“ನಾಳೆ ಓದ್ತೀನಿ ಬುಡಣ್ಣ, ನಿದ್ದೆ ಬತ್ತೈತೆ” ಅಂದೆ.

ಅಂದ ಮೇಲೆ ಹೊಳೆಯಿತು... ರುದ್ರಣ್ಣ ಮಲಗಿದ್ದು ನನ್ನ ಎದುರಿಗೆ. ದನಿ ಬಂದದ್ದು ಹಿಂದಿನಿಂದ. ಅದು ಹೆಂಗಸಿನ ದನಿ.

ಬೆಳಕನ್ನು ಹಿಂದಕ್ಕೆ ತಿರುಗಿಸಿದೆ. ಖಾಲಿ ಸೀಟುಗಳು, ಕಂಬಿಗಳು, ಕೊನೆಯ ಉದ್ದ ಸೀಟು. ಯಾರೂ ಇಲ್ಲ. ಆದರೆ ಅಲ್ಲಿ ರೆಕ್ಸಿನ್ ಕಿರ್ರೆಂದಿತು, ಕೂತವರು ಸ್ವಲ್ಪ ಸರಿದು ಕೂತ ಹಾಗೆ. ಡೀಸೆಲ್ ವಾಸನೆಯ ನಡುವೆ ಸೀಗೆಕಾಯಿಯ ವಾಸನೆ ಬಂತು. ಈಗಷ್ಟೇ ತಲೆಗೆ ಎರೆದುಕೊಂಡವರ ಹಸಿ ಕೂದಲಿನ ವಾಸನೆ...

“ಅದು ಬ್ಯಾಡ. ಆ ಇನ್ನೊಂದು ಪುಸ್ತಕ.”

ರುದ್ರಣ್ಣನ ತೋಳು ಹಿಡಿದು ಅಲ್ಲಾಡಿಸಿದೆ. ಅವರಿಗೆ ಎಚ್ಚರವಿತ್ತು. ಕಣ್ಣು ಬಿಟ್ಟುಕೊಂಡೇ ಮಲಗಿದ್ದರು, ತೋಳು ಬೆವರಿಗೆ ತಣ್ಣಗಾಗಿತ್ತು.

“ಹಿಂದಕ್ಕೆ ನೋಡ್ಬ್ಯಾಡ” ಎಂದು ಪಿಸುಗುಟ್ಟಿದರು. “ಅಜ್ಜಿ ಕಥೆ ತಗಿ. ಓದು.”

“ಅಣ್ಣ, ಯಾರದು...”

“ಓದು ಅಂದೆ ಕಣಪ್ಪ.”

ಓದಿದೆ. ಅಕ್ಷರಗಳು ಕುಣಿಯುತ್ತಿದ್ದವು. ಬೇಗ ಮುಗಿಸೋಣವೆಂದು ಒಂದು ಸಾಲು ಹಾರಿಸಿದೆ. ಹಿಂದೆ ಸೀಟು ಕಿರ್ರೆಂದಿತು. ಆ ಸಾಲಿಗೆ ವಾಪಸ್ ಹೋಗಿ ಓದಿದೆ. ಉಸಿರಿಗೆಂದು ನಿಲ್ಲಿಸಿದಾಗಲೆಲ್ಲ, ಕಥೆ ಕೇಳುವವರು ಹೂಂಗುಟ್ಟುವ ಹಾಗೆ, ಕತ್ತಲಿನಿಂದ ಒಂದು ಸಣ್ಣ “ಹೂಂ...” ಬರುತ್ತಿತ್ತು.

ಮೊದಲು ಕೊನೆಯ ಸೀಟಿನಿಂದ. ಆಮೇಲೆ ಬಸ್ಸಿನ ನಡುವಿನಿಂದ. ಆಮೇಲೆ ಎರಡು ಸೀಟಿನಾಚೆಯಿಂದ.

ಅಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಬೆಳಕು ಆರಿತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸುವ ಧೈರ್ಯವಿರಲಿಲ್ಲ. ಎಷ್ಟೋ ಸಲ ಓದಿದ ಕಥೆ, ಬಾಯಿಗೆ ಬಂದ ಹಾಗೆ ಹೇಳುತ್ತಾ ಹೋದೆ. ಅಜ್ಜಿ ತೊಟ್ಟಿಲು ತೂಗಿದಳು. ಮಗು ನಿದ್ದೆ ಹೋಯಿತು. ತಾಯಿಯ ಕಾಲಿನ ಮೇಲೆ ಕಂಬಳಿ ಎಳೆದಳು...

“ಹೂಂ...”

ನನ್ನ ಬೆನ್ನ ಹಿಂದಿನ ಸೀಟಿನಿಂದ ಬಂತು. ಕತ್ತಿಗೆ ತಣ್ಣನೆಯ ಉಸಿರು ತಾಕಿತು. ಕಥೆ ಮುಗಿಸಿದೆ. ಒಂದು ಉದ್ದನೆಯ ನಿಟ್ಟುಸಿರು ಕೇಳಿಸಿತು, ಅತ್ತು ಅತ್ತು ಸುಸ್ತಾದವರು ನಿದ್ದೆಗೆ ಜಾರುವಾಗ ಬಿಡುವಂಥದ್ದು. ಆಮೇಲೆ ಬರೀ ತೋಟದ ಗಾಳಿ.

ಬೆಳಗಾಗುವವರೆಗೆ ನಾವಿಬ್ಬರೂ ಅಲುಗಾಡಲಿಲ್ಲ. ಬೆಳಿಗ್ಗೆ ಮೊದಲು ಹತ್ತಿದ್ದು ಹೂ ಮಾರುವ ಹೆಂಗಸು. ನಾನು ಕೂತಿದ್ದ ಸೀಟಿನ ಹಿಂದೆ ಬುಟ್ಟಿ ಇಡಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು.

“ಇದ್ಯಾಕ್ರೀ ಕಂಡಕ್ಟ್ರೇ, ಸೀಟು ಒದ್ದೆಯಾಗೈತೆ?”

ಮಳೆ ಬಿದ್ದು ತಿಂಗಳಾಗಿತ್ತು. ರುದ್ರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅವತ್ತೇ ರಜೆ ಹಾಕಿದವರು ಮತ್ತೆ ಆ ರೂಟಿಗೆ ಬರಲಿಲ್ಲ. ನಾನೂ ಒಂದು ವಾರ ರಜೆ ಹಾಕಿದೆ.

ರುದ್ರಣ್ಣ ಯಾರನ್ನೋ ಕಳೆದುಕೊಂಡಿರಬೇಕು, ಬಂದದ್ದು ಅವರ ಮನೆಯವರೇ ಇರಬೇಕು ಎಂದು ನಾನೇ ಲೆಕ್ಕ ಹಾಕಿದ್ದೆ. ವಾರದ ನಂತರ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಪಾರ್ವತಕ್ಕ ಕಾಫಿ ಕೊಟ್ಟರು. ಇಬ್ಬರು ಹೆಣ್ಣುಮಕ್ಕಳೂ ಮನೆಯಲ್ಲಿದ್ದರು. ಪಾರ್ವತಕ್ಕ ಒಳಗೆ ಹೋದ ಮೇಲೆ ಕೇಳಿದೆ.

“ನಮ್ಮನೇಲಿ ಯಾರೂ ಹೋಗಿಲ್ಲ ಕಣಪ್ಪ” ಅಂದರು ರುದ್ರಣ್ಣ. “ಅದ್ಯಾರೋ ನಂಗೂ ಗೊತ್ತಿಲ್ಲ.”

“ಆದ್ರೆ ಇರೋದು ಗೊತ್ತಿತ್ತು, ಅಲ್ವಾ ಅಣ್ಣ?”

ಅವರು ಲೋಟ ಕೆಳಗಿಟ್ಟರು. “ನೀನು ಬರೋಗಂಟ ಅದು ಮಾತಾಡ್ತಿರ್ಲಿಲ್ಲ. ರಾತ್ರಿಯೆಲ್ಲಾ ಅಳ್ತಿತ್ತು. ಹಿಂದಿನ ಕಂಡಕ್ಟ್ರು ಅದಕ್ಕೇ ಓಡೋದ. ನೀನು ಓದೋಕೆ ಶುರು ಮಾಡ್ದೆ ನೋಡು, ಅವತ್ತಿಂದ ಅಳು ನಿಂತೋಯ್ತು. ಅದ್ಕೇ ದಿನಾ ಓದು ಅಂತಿದ್ದೆ.”

ಸಿಟ್ಟು ಬಂತು. ಇಷ್ಟು ದಿನ ನನ್ನನ್ನು ಅಲ್ಲಿ ಕೂರಿಸಿ ಓದಿಸಿದ್ದರಲ್ಲ... ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ನಾನೂ ಅವರಿವರ ಕೈಕಾಲು ಹಿಡಿದು ಡ್ಯೂಟಿ ಬದಲಾಯಿಸಿಕೊಂಡೆ. ಈಗ ಅಮ್ಮಸಂದ್ರದ ಕಡೆ ಓಡಾಡುತ್ತೇನೆ, ಹಗಲಿನ ಟ್ರಿಪ್ಪು. ರಾತ್ರಿ ಮನೆಯಲ್ಲೇ ಮಲಗುತ್ತೇನೆ. ನಿದ್ದೆ ಸರಿಯಾಗಿ ಬರುವುದಿಲ್ಲ.

ಹೋದ ತಿಂಗಳು ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಆ ರೂಟಿನ ಹೊಸ ಕಂಡಕ್ಟರ್ ನನ್ನನ್ನು ಪಕ್ಕಕ್ಕೆ ಕರೆದ. ಕಣ್ಣು ಕೆಂಪಾಗಿದ್ದವು.

“ಲೋಕೇಶಣ್ಣ, ನೀವು ಆ ಊರಲ್ಲಿ ಹಾಲ್ಟ್ ಮಾಡ್ತಿದ್ರಂತೆ. ರಾತ್ರಿ ಹೊತ್ತು ಯಾರಾದ್ರೂ ಹೆಂಗಸು ಅಳೋದು ಕೇಳ್ಸಿತ್ತಾ?”

‘ರಾತ್ರಿ ಗಟ್ಟಿಯಾಗಿ ಕಥೆ ಓದು’ ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಆ ಅಜ್ಜಿ ಕಥೆಯ ಪುಸ್ತಕ ನನ್ನ ಚೀಲದಲ್ಲೇ ಇತ್ತು.

“ಇಲ್ವಲ್ಲಪ್ಪ” ಎಂದೆ. ನನ್ನ ಬಸ್ಸಿನ ಟೈಮಾಗಿತ್ತು. ಹತ್ತಿ, ರೈಟ್ ಹೇಳಿದೆ.