ಅಮ್ಮ ಹೊಲಿದ ಚೀಲ, ಆಫೀಸಿನ ಕಂಪ್ಯೂಟರ್

೨೦೦೬ರ ನವೆಂಬರ್. ಕಾಫಿ ಕೊಯ್ಲು ಆಗಷ್ಟೇ ಶುರುವಾಗಿತ್ತು. ಹಾನುಬಾಳು ಹತ್ತಿರದ ಒಂದು ಎಸ್ಟೇಟಿನ ಆಫೀಸಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಅದೇ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಬೆಳೆದವಳು ನಾನು. ಅಮ್ಮ ಇಪ್ಪತ್ತು ವರ್ಷದಿಂದ ಅಲ್ಲಿ ಹಣ್ಣು ಕೊಯ್ಯುತ್ತಿದ್ದಳು. ದಿನಾ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗಿ ಬಂದು ಆರು ತಿಂಗಳ ಕೋರ್ಸ್ ಮುಗಿಸಿದ್ದ ನನಗೆ, ಆಳುಗಳ ಹಾಜರಿ ಟೈಪ್ ಮಾಡುವ ಆ ಕುರ್ಚಿ ಸಿಂಹಾಸನವೇ ಆಗಿತ್ತು. ಸುಳ್ಳೇಕೆ ಹೇಳಲಿ?

ಕಂಪ್ಯೂಟರ್ ಮಾತ್ರ ಎಸ್ಟೇಟಿನ ಒಡೆಯರಾದ ಸಾಹುಕಾರರ ನೆಂಟರ ಮನೆಯಲ್ಲಿ ಬೇಡವಾಗಿ ನಮ್ಮಲ್ಲಿಗೆ ಬಂದದ್ದು. ಅದರ ಆಪರೇಟಿಂಗ್ ಸಿಸ್ಟಮ್ಮಿಗೂ ವಯಸ್ಸಾಗಿತ್ತು. ದೀಪಾವಳಿ ಕಳೆದ ಮೇಲೆ ವೈರಸ್ ಹತ್ತಿ, ಕೆಲಸದ ನಡುವೆ ತಾನಾಗಿಯೇ ಆಫ್ ಆಗತೊಡಗಿತು. ಹಾಸನದಿಂದ ಬಂದ ರಿಪೇರಿಯವನು ವೈರಸ್ ತೆಗೆದ. "ಸೆಕ್ಯುರಿಟಿ ಅಪ್‌ಡೇಟ್ ಹಾಕ್ದಿದ್ರೆ ವಾರದಲ್ಲಿ ಮತ್ತೆ ಬರುತ್ತೆ" ಎಂದು ಸಿ.ಡಿ. ಹಾಕಿದ. ಅಪ್‌ಡೇಟ್ ಅರ್ಧಕ್ಕೇ ನಿಂತಿತು. ಈ ಫೈಲನ್ನು ನಂಬಲಾಗದು ಎಂಬರ್ಥದ ಇಂಗ್ಲಿಷ್ ಸಾಲು ಬಂತು. ಬೇರೆ ಸಿ.ಡಿ. ಹಾಕಿದ, ಹಳೆಯ ಫೈಲುಗಳನ್ನು ಅಳಿಸಿ ಜಾಗ ಮಾಡಿದ. ಊಹೂಂ. ಸಿ.ಡಿ.ಯನ್ನು ಅಲ್ಲೇ ಬಿಟ್ಟು, "ಸಾರ್, ಇದಕ್ಕೆ ಮುಪ್ಪಾಯ್ತು, ಹೊಸದು ತಗೊಳ್ಳಿ" ಎಂದು ಕೈಚೆಲ್ಲಿ ಹೋದ.

ಸಾಹುಕಾರರು ಕೆಟ್ಟವರಲ್ಲ. ಆದರೂ ಅವರ ಮಾತು ಕೇಳಿ ನನ್ನ ಜೀವ ಬಾಯಿಗೆ ಬಂತು. "ಈ ವರ್ಷ ಹೊಸದು ಆಗಲ್ಲಮ್ಮ ಸವಿತಾ. ಸೋಮವಾರ ಇದನ್ನ ಗುಜರಿಗೆ ಹಾಕ್ತೀನಿ. ಹಾಜರಿ ರೈಟರೇ ಬುಕ್ಕಲ್ಲಿ ಬರ್ಕೊಳ್ಳಲಿ. ನೀನು ಅಮ್ಮನ ಜೊತೆ ಕೊಯ್ಲಿಗೆ ಬಾ."

ಮನೆಯಲ್ಲಿ ಹೇಳಿದಾಗ ಅಮ್ಮ ಹಳೆಯ ಲುಂಗಿ ತೆಗೆದು, ಸೊಂಟಕ್ಕೆ ಕಟ್ಟುವ ಕೊಯ್ಲಿನ ಚೀಲ ಹೊಲಿಯಲು ಕೂತಳು. "ಬೇಜಾರ್ ಮಾಡ್ಕಬ್ಯಾಡ ಕಣೆ ಮಗ, ನಾನಿಲ್ವಾ?" ಎಂದಳು. ಆ ರಾತ್ರಿ ನಾನು ತುಂಬ ಅತ್ತೆ.

ಶನಿವಾರ ಕೊನೆಯ ದಿನವೆಂದು ಆಫೀಸಿಗೆ ಹೋದೆ. ಅಭ್ಯಾಸದಂತೆ ಕಂಪ್ಯೂಟರ್ ಆನ್ ಮಾಡಿಟ್ಟು, ಕೈಯಲ್ಲೇ ಹಾಜರಿ ಬರೆದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಣ್ಣನಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿ ಹಾಳೆಯನ್ನು ವಾಪಸ್ ತಳ್ಳಿದರು.

"ತಾರೀಖೇ ಹಾಕಿಲ್ವಲ್ಲವ್ವ! ತಾರೀಖಿಲ್ದಿರೋ ಹಾಜರಿನ ನಾನು ಹೆಂಗೆ ನಂಬ್ಲಿ?"

ಹಿಡಿದ ಪೆನ್ನನ್ನು ಕೆಳಗಿಟ್ಟೆ. ನಂಬಲಾಗದು ಎಂದು ಕಂಪ್ಯೂಟರೂ ಹೇಳಿತ್ತಲ್ಲ! ಪರದೆಯ ಮೂಲೆಯ ಗಡಿಯಾರದ ಮೇಲೆ ಮೌಸ್ ಇಟ್ಟೆ. ೨೦೦೧ರ ಜನವರಿ ಒಂದು ಎಂದಿತ್ತು.

ನಗಬೇಡಿ, ಅದು ತಪ್ಪು ತೋರಿಸುವುದು ನನಗೆ ಮೊದಲೇ ಗೊತ್ತಿತ್ತು. ಸಿಡಿಲಿಗೆ ಹೆದರಿ ಪುಟ್ಟಸ್ವಾಮಣ್ಣ ಮಳೆಗಾಲ ಬೇಸಿಗೆ ಎನ್ನದೆ ದಿನಾ ಸಂಜೆ ಮೇನ್ ಸ್ವಿಚ್ ಆಫ್ ಮಾಡುತ್ತಿದ್ದರು. ತಾರೀಖು ನೆನಪಿಡುವ ಒಳಗಿನ ಬ್ಯಾಟರಿ ಸತ್ತಿದ್ದರಿಂದ ಕಂಪ್ಯೂಟರ್ ಪ್ರತಿ ಬೆಳಿಗ್ಗೆ ೨೦೦೧ಕ್ಕೇ ಹೋಗಿ ಕೂರುತ್ತಿತ್ತು. ನಾವು ಗೋಡೆ ಗಡಿಯಾರ ನೋಡುತ್ತಿದ್ದೆವು, ತಾರೀಖನ್ನು ನಾನೇ ಟೈಪ್ ಮಾಡುತ್ತಿದ್ದೆ. ೨೦೦೧ರಲ್ಲೇ ಇರುವ ಕಂಪ್ಯೂಟರ್, ಐದು ವರ್ಷ ಮುಂದಿನ ತಾರೀಖಿನ ಕಂಪನಿ ಸಹಿ ಇರುವ ಫೈಲನ್ನು ನಂಬುವುದಾದರೂ ಹೇಗೆ?

ತಾರೀಖು ಸರಿಮಾಡಿ ಸಿ.ಡಿ. ಹಾಕಿದೆ. "ಅಣ್ಣ, ಇವತ್ತೊಂದಿನ ಮೇನ್ ಮುಟ್ಬೇಡಿ" ಎಂದೆ. ಆ ಮನುಷ್ಯ ಸ್ವಿಚ್ಚಿನ ಕೆಳಗೆ ಸ್ಟೂಲು ಹಾಕಿಕೊಂಡು ಕಾವಲು ಕೂತುಬಿಟ್ಟರು! ನೀಲಿ ಪಟ್ಟಿ ಮೆಲ್ಲಗೆ ಸರಿಯಿತು. ಹಿಂದೆ ನಿಂತಿದ್ದ ಜಾಗ ದಾಟಿತು. ಮಧ್ಯಾಹ್ನದ ಹೊತ್ತಿಗೆ ಕೊನೆ ಮುಟ್ಟಿತು. ರೀಸ್ಟಾರ್ಟ್ ಕೊಟ್ಟೆ. ಮತ್ತೆ ಆನ್ ಆದಾಗ ಅಪ್‌ಡೇಟ್ ಗಟ್ಟಿಯಾಗಿ ಕೂತಿತ್ತು. "ಆಗ್ಬುಡ್ತಾ? ಸಾವ್ಕಾರ್ರೇ, ಬನ್ನಿ ಇಲ್ಲಿ!" ಎಂದು ಪುಟ್ಟಸ್ವಾಮಣ್ಣ ಕೂಗಿದ್ದು ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡಿನವರೆಗೆ ಕೇಳಿಸಿರಬೇಕು.

ಸೋಮವಾರ ಸಕಲೇಶಪುರದ ವಾಚ್ ಅಂಗಡಿಯಿಂದ ನಾಣ್ಯದಷ್ಟಗಲದ ಬ್ಯಾಟರಿ ತಂದು ನಾನೇ ಹಾಕಿದೆ. ಗುಜರಿಯ ಮಾತು ಅಲ್ಲಿಗೆ ನಿಂತಿತು. ಸಾಹುಕಾರರು ಅಮ್ಮನನ್ನು ಕರೆಸಿದರು. "ಹಾಸನದೋನ ಕೈಲಿ ಆಗದ್ದನ್ನ ನಿನ್ನ ಮಗಳು ಮಾಡಿದ್ಲು. ಒಳಗೆ ಬಂದು ನೋಡು" ಎಂದರು.

ಇಪ್ಪತ್ತು ವರ್ಷ ಆಫೀಸಿನ ಜಗಲಿಯ ಕೆಳಗೆ ನಿಂತು ಹಾಜರಿ ಕೂಗಿಸಿಕೊಂಡ ಅಮ್ಮ ಅಂದು ಮೊದಲ ಸಲ ಹೊಸ್ತಿಲು ದಾಟಿದಳು. ಕಾಲನ್ನು ಎರಡೆರಡು ಸಲ ಒರೆಸಿಕೊಂಡಳು. "ನನ್ನ ಹೆಸ್ರು ಎಲ್ಲೈತೆ?" ಎಂದು ಕೇಳಿದಳು. ತೋರಿಸಿದೆ. ಓದಲು ಬರದಿದ್ದರೂ ಬಹಳ ಹೊತ್ತು ನೋಡಿದಳು.

ಮರುದಿನ ಆ ಚೀಲದ ಒಂದು ಬದಿಯ ಹೊಲಿಗೆ ಬಿಚ್ಚಿ ತಂದು ಕೀಬೋರ್ಡಿಗೆ ಹೊದಿಸಿದಳು. "ಧೂಳು ಕೂರ್ಬಾರ್ದು ಕಣೆ" ಎಂದಳು.

ಈಗ ನಾನು ಆಲೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಯಾವ ಕಂಪ್ಯೂಟರ್ ಕೆಟ್ಟರೂ ಮೊದಲು ತಾರೀಖು ನೋಡುತ್ತೇನೆ. ಆ ಲುಂಗಿ ಬಟ್ಟೆ ಇವತ್ತಿಗೂ ನನ್ನ ಬಳಿ ಇದೆ. ಅದಕ್ಕೆ ನಾನು ಒಂದೇ ಒಂದು ಹಣ್ಣನ್ನೂ ಕೊಯ್ದು ಹಾಕಲಿಲ್ಲ.