ಮುಸ್ಲಿಯಾರರ ‘ಗೊತ್ತಿಲ್ಲ’

ಕಾಣಿಯೂರಿನ ನಮ್ಮ ಮಸೀದಿಯ ಹಳೆಯ ಮುಸ್ಲಿಯಾರರು ತೀರಿಕೊಂಡ ಸುದ್ದಿ ಬಂದಾಗ ನಾನು ಹಿತ್ತಲಲ್ಲಿ ಕೂತು ಬಂಗುಡೆ ಮೀನು ಶುಚಿ ಮಾಡುತ್ತಿದ್ದೆ. ಕೈ ತೊಳೆದು ಅವರಿಗಾಗಿ ದುಆ ಮಾಡಿದೆ. ಆಮೇಲೆ ನಗು ಬಂತು. ಅಲ್ಲಾಹು ಕ್ಷಮಿಸಲಿ.

ಮಸೀದಿಯಲ್ಲಿ ಯಾರು ಏನು ಕೇಳಿದರೂ ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, “ನನಗೆ ಗೊತ್ತಿಲ್ಲ ಮಾರಾಯ್ರೆ” ಎನ್ನುತ್ತಿದ್ದರು. ಯಾರಾದರೂ ಗೊಣಗಿದರೆ ಮದೀನಾದ ಹಿಂದಿನ ಕಾಲದ ಇಮಾಮರೊಬ್ಬರ ಕತೆ ತೆಗೆಯುತ್ತಿದ್ದರು. ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದವರಿಗೂ ಆ ಮಹಾಪಂಡಿತರು “ಗೊತ್ತಿಲ್ಲ” ಎಂದೇ ಹೇಳಿ ಕಳಿಸಿದ್ದರಂತೆ. ಇಮಾಮರಿಂದ ಇವರಿಗೆ ಬಂದದ್ದು ಅದೊಂದೇ ವಿದ್ಯೆ ಎಂದು ನಾವು ಹೆಂಗಸರು ನಗುತ್ತಿದ್ದೆವು.

ನನ್ನ ಮದುವೆಯಾದ ಎರಡನೇ ವರ್ಷ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಗಂಡ ಬಟ್ಟಲು ತಳ್ಳಿ, “ನೀನು ನನಗೆ ಬೇಡ, ನಿನ್ನ ಉಮ್ಮನ ಮನೆಗೆ ಹೋಗು” ಎಂದು ಕೂಗಿದರು. ನೆರೆಮನೆಯ ಹಾಜಿಯವರಿಗೆ ಅದು ಕೇಳಿಸಿ, ಅವರು ಕೂಡಲೇ ಮುಸ್ಲಿಯಾರರನ್ನು ಕರೆತಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

“ಇದು ತಲಾಕ್ ಆಯಿತಲ್ಲ ಉಸ್ತಾದರೇ?” ಎಂದರು ಹಾಜಿಯವರು.

ಮುಸ್ಲಿಯಾರರು ಟೊಪ್ಪಿ ತೆಗೆದರು. “ನನಗೆ ಗೊತ್ತಿಲ್ಲ ಮಾರಾಯ್ರೆ. ಕೇರಳದ ಪೊನ್ನಾನಿಯ ದೊಡ್ಡ ಉಸ್ತಾದರಿಗೆ ಕಾಗದ ಬರೆದು ಕೇಳುವ.”

“ಅಲ್ಲಿಯವರೆಗೆ ಇವಳು ಎಂತ ಮಾಡುದು?”

“ಉಪ್ಪು ಕಮ್ಮಿ ಹಾಕುದು.”

ಪೊನ್ನಾನಿಯಿಂದ ಉತ್ತರ ಬರಲೇ ಇಲ್ಲ. ಅಲ್ಹಮ್ದುಲಿಲ್ಲಾಹ್, ಮಕ್ಕಳು ಐದು ಬಂದವು. ಒಮ್ಮೆ ಧೈರ್ಯ ಮಾಡಿ, “ಉಸ್ತಾದರೇ, ಆ ಕಾಗದ ನಿಜವಾಗಿ ಅಂಚೆಗೆ ಹಾಕಿದ್ದೀರಾ?” ಎಂದು ಕೇಳಿದೆ. ಅವರ ಕೈ ಮೆಲ್ಲಗೆ ಟೊಪ್ಪಿಗೆ ಹೋಯಿತು.

ಹಿತ್ತಲಲ್ಲಿ ಬೆಕ್ಕು ಮೀನಿನ ಹತ್ತಿರ ಬರುತ್ತಿತ್ತು. ಬಂಗುಡೆ ಎತ್ತಿಕೊಂಡು ಒಳಗೆ ಹೋಗಿ ಸಾರಿಗಿಟ್ಟೆ. ಉಪ್ಪು ಒಂದು ಚಿಟಿಕೆ ಕಮ್ಮಿಯೇ ಹಾಕಿದೆ.