ಈರುಳ್ಳಿ ಗದ್ದೆಯ ಗಾಲ್ಫ್ ಚಾಂಪಿಯನ್

ನಮ್ಮ ದೇವರ ಕೋಣೆಯಲ್ಲಿ ಶಂಖದ ಪಕ್ಕ ಒಂದು ಗಾಲ್ಫ್ ಚೆಂಡಿದೆ. ಮೈತುಂಬ ಸಣ್ಣ ಸಣ್ಣ ಗುಳಿ, ಒಂದು ಮಗ್ಗುಲಿಗೆ ಕುಂಕುಮದ ಕಲೆ. ಹೊಸಬರು ಬಂದರೆ ಎಂತದೆಂದು ತಿಳಿಯದೆಯೇ ಕೈಮುಗಿಯುತ್ತಾರೆ. ಇಷ್ಟು ಬಿಳಿಯ ಸಾಲಿಗ್ರಾಮ ಎಲ್ಲಿ ಸಿಕ್ಕಿತು ಎಂದು ಒಬ್ಬರು ಕೇಳಿದ್ದರು. ಗದ್ದೆಯಲ್ಲಿ ಎಂದೆ. ಅದು ಸುಳ್ಳೇನಲ್ಲ.

ನಾನು ಹೊನ್ನಾವರದಿಂದ ಕುಮಟೆಯ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮದುವೆಗೆ ಮೊದಲು ಹುಡುಗನ ವಿಷಯ ಎಲ್ಲ ಹೇಳಿದ್ದರು. ಭಟ್ಕಳದಲ್ಲಿ ಕೆಲಸ, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾನೆ, ಸಿಟ್ಟು ಕಡಿಮೆ. ಮನೆಯ ಹಿಂದೆ ಗಾಲ್ಫ್ ಮೈದಾನವಿದೆ ಎಂಬುದೊಂದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮೈದಾನವೆಂದರೆ ಭತ್ತ ಕೊಯ್ದ ಆರು ಗದ್ದೆ. ನನ್ನ ಮಾವ ಮೂವತ್ತು ವರ್ಷ ನೀಲಗಿರಿಯ ಒಂದು ಚಹಾ ತೋಟದ ಕ್ಲಬ್ಬಿನಲ್ಲಿ ಸಾಮಾನಿನ ಕೋಣೆ ನೋಡಿಕೊಂಡವರು. ದೊರೆಗಳ ಕೋಲು ಒರೆಸಿದರು, ಚೆಂಡು ತೊಳೆದರು, ಮಳೆ ಬಂದಾಗ ಕೊಡೆ ಹಿಡಿದರು. ತಾವು ಒಂದು ದಿನವೂ ಆ ಹುಲ್ಲಿನ ಮೇಲೆ ಒಂದು ಹೊಡೆತ ಹೊಡೆದವರಲ್ಲ. ನಿವೃತ್ತಿಯಾಗಿ ಊರಿಗೆ ಬರುವಾಗ ಅಲ್ಲಿ ಬಿಸಾಡಲಿಟ್ಟ ಐದು ಕೋಲು, ಒಂದು ಡಬ್ಬ ಚೆಂಡು ಮತ್ತು ಕಂದು ಕಾಗದದ ಹೊದಿಕೆ ಹಾಕಿದ ಇಂಗ್ಲಿಷ್ ನಿಯಮದ ಪುಸ್ತಕ ತಂದರು. ಗದ್ದೆಗೊಂದರಂತೆ ಆರು ವನಸ್ಪತಿ ಡಬ್ಬ ಹುಗಿದು, ಅತ್ತೆಯ ಹಳೆಯ ಕೆಂಪು ಸೀರೆ ಹರಿದು ಬಾವುಟ ಮಾಡಿದರು. ಡಬ್ಬದ ಸುತ್ತ ನುಣ್ಣಗೆ ಸಗಣಿ ಸಾರಿಸಬೇಕು. ಅದಕ್ಕೆ 'ಗ್ರೀನ್' ಎಂದು ಹೆಸರು. ಬಣ್ಣ ಕಂದು. ನಾನು ಬಂದ ಮೂರನೆಯ ದಿನವೇ ಅತ್ತೆಯ ಜೊತೆ ಕೂತು ಆರು ಗ್ರೀನ್ ಸಾರಿಸಿದೆ.

"ಮನೆಗೆ ಒಂದೇ ಅಂಗಳ ಇರ್ತದೆ ಅಂತ ತಿಳ್ಕಂಡಿದ್ದೆ" ಎಂದರು ಅತ್ತೆ, ಬೆರಳಿನಿಂದ ಅರ್ಧಚಂದ್ರ ಎಳೆಯುತ್ತ. "ನಮ್ಮನೆಗೆ ಏಳು."

ಅತ್ತೆಯ ಸಂಕಟ ಸಗಣಿಯದ್ದಲ್ಲ, ಈರುಳ್ಳಿಯದ್ದು. ಕುಮಟೆಯ ಕಡೆ ಭತ್ತ ಕೊಯ್ದ ಮೇಲೆ ಮರಳು ಮಣ್ಣಿನ ಗದ್ದೆಯಲ್ಲಿ ಸಿಹಿ ಈರುಳ್ಳಿ ನೆಡುತ್ತಾರೆ. ಕಿತ್ತ ಮೇಲೆ ಎಲೆಸಮೇತ ಜಡೆ ಹೆಣೆದು ಗೊಂಚಲು ಕಟ್ಟುತ್ತಾರೆ. ಅತ್ತೆ ಹೆಣೆದ ಗೊಂಚಲು ಮಳೆಗಾಲ ಮುಗಿದರೂ ಒಂದು ಗಡ್ಡೆ ಉದುರಿಸುತ್ತಿರಲಿಲ್ಲವಂತೆ. ಮೊದಲ ಗೊಂಚಲು ಗದ್ದೆಯ ತುದಿಯ ಬನದಲ್ಲಿ ಕಲ್ಲಾಗಿ ಕೂತಿರುವ, ನಮ್ಮ ಗಡಿ ಕಾಯುವ ಜಟಗ ದೇವರಿಗೆ. ಗಾಲ್ಫ್ ಬಂದ ಮೇಲೆ ಮೂರು ವರ್ಷ ಜಟಗನಿಗೂ ಇಲ್ಲ, ಅಡಿಗೆಮನೆಗೂ ಇಲ್ಲ. ಅತ್ತೆ ನನ್ನನ್ನು ಸಂತೆಗೆ ಕಳಿಸಿ ಈರುಳ್ಳಿ ತರಿಸುತ್ತಿದ್ದರು. "ಚೀಲದ ಮೇಲೆ ಹರಿವೆ ಸೊಪ್ಪು ಹಾಕ್ಕಂಡು ಬಾ. ಯಾರ್ಗೂ ಕಾಣೂದು ಬೇಡ."

ಮಾವ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಚಾಂಪಿಯನ್‌ಶಿಪ್ ನಡೆಸುತ್ತಿದ್ದರು. ಎದುರಾಳಿ ಒಬ್ಬರೇ, ನಿವೃತ್ತ ಪೋಸ್ಟ್ ಮಾಸ್ತರರು. ಗೆಲ್ಲುವವರೂ ಒಬ್ಬರೇ. ದೋಣಿಗಳಿಗೆ ಹೆಸರು ಬರೆಯುವ ಪೇಂಟರ್ ಬಂದು, ಜಗಲಿಯ ಹಲಗೆಯಲ್ಲಿ ಮಾವನ ಹೆಸರು ಬರೆದು ಕೊನೆಗೆ ಅಭ್ಯಾಸಬಲದಿಂದ ಒಂದು ಮೀನು ಬಿಡಿಸಿ ಹೋಗುತ್ತಿದ್ದ. ಹಲಗೆಯಲ್ಲಿ ಮೂರು ಸಲ ಮಾವ, ಮೂರು ಮೀನು.

ನಾಲ್ಕನೆಯ ವರ್ಷ ಪೋಸ್ಟ್ ಮಾಸ್ತರರು ಅಭ್ಯಾಸಕ್ಕೆ ಬಂದವರು ಇಲಿಬಿಲಕ್ಕೆ ಕಾಲಿಟ್ಟು ಪಾದ ಉಳುಕಿಸಿಕೊಂಡರು. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಎದುರಾಳಿ ಇಲ್ದೆ ಗೆಲ್ಲೂದು ಗೆಲುವಲ್ಲ" ಎಂದರು.

ಅತ್ತೆ ಸಾರು ಬಡಿಸುತ್ತಿದ್ದವರು ಸೌಟು ನಿಲ್ಲಿಸಿ, "ನಮ್ಮ ಹುಡ್ಗಿ ಶಾಲೆಲಿ ಹಾಕಿ ಆಡಿದವಳು. ಇವಳ ಎದ್ರು ಆಡಿ. ಆದ್ರೆ ಒಂದು ಮಾತು. ನೀವು ಗೆದ್ರೆ ನಾ ಮತ್ತೆ ಈರುಳ್ಳಿ ಹೆಸ್ರು ಎತ್ತೂದಿಲ್ಲ. ಗೆಲ್ಲದೇ ಇದ್ರೆ ಗದ್ದೆ ನಂದು" ಎಂದರು.

ಮಾವನ ಮುಖ ಬೆಳಗಿತು. ಅವರು ಕಂಡದ್ದು ಎದುರಾಳಿಯನ್ನು. ಗದ್ದೆಯ ಮಾತು ಕಿವಿಗೆ ಬಿತ್ತೋ ಇಲ್ಲವೋ. "ಆತು" ಎಂದುಬಿಟ್ಟರು.

ಬಚ್ಚಲ ಹಿಂದಿನ ಮಡಿಯಲ್ಲಿ ಗೇಣುದ್ದದ ಈರುಳ್ಳಿ ಸಸಿ ಎದ್ದು ನಿಂತದ್ದನ್ನು ನಾನು ಅಂದೇ ನೋಡಿದ್ದು. ಅತ್ತೆ ಯಾರಿಗೂ ಹೇಳದೆ ಬೀಜ ಹಾಕಿದ್ದರು. ವಾರದೊಳಗೆ ನೆಡದಿದ್ದರೆ ಅಷ್ಟೂ ವ್ಯರ್ಥ.

ಹಾಕಿ ಆಡಿದ್ದು ನಿಜ. ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಬಿಳಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲಿಸುತ್ತಿದ್ದರು. ಯಾರಿಗೆ ಕೋಲು ತಾಗಿದರೂ ಕೂಡಲೇ 'ಸಾರಿ' ಎನ್ನಬೇಕು. ಆ ರೂಢಿ ಎಷ್ಟು ಗಟ್ಟಿಯೆಂದರೆ ನಾನು ಚೆಂಡಿಗೆ ಹೊಡೆದಾಗಲೂ ಅನ್ನುತ್ತಿದ್ದೆ. ಗಾಲ್ಫಿನ ನಿಯಮವೂ ನನಗೆ ಬಾಯಿಪಾಠ. ಮಾವನಿಗೆ ದಿನಾ ಸಂಜೆ ಆ ಪುಸ್ತಕ ಓದಿ ಹೇಳುವುದು ನನ್ನದೇ ಕೆಲಸವಾಗಿತ್ತು.

ಶನಿವಾರ ಮನೆಯವರು ಭಟ್ಕಳದಿಂದ ಬಂದು ವಿಷಯ ಕೇಳಿ ನೀರಿನ ಲೋಟ ಕೆಳಗಿಟ್ಟರು. "ಸೋತುಬಿಡು. ಆದ್ರೆ ಬೇಕಂತಲೇ ಸೋತ ಹಾಗೆ ಕಾಣಬಾರ್ದು, ಅಪ್ಪಯ್ಯಂಗೆ ಅವಮಾನ."

ಅಡಿಗೆಮನೆಯಲ್ಲಿ ಅತ್ತೆ, "ಗೆಲ್ಲು ಹುಡ್ಗಿ. ಆದ್ರೆ ಸೊಕ್ಕಿಂದ ಗೆದ್ದ ಹಾಗೆ ಕಾಣೂದು ಬೇಡ, ನಾಲ್ಕು ಜನ ನೋಡ್ತಾರೆ" ಎಂದರು.

ಭಾನುವಾರ ಬೆಳಿಗ್ಗೆ ಮಾವ ಖಾಕಿ ಅರ್ಧ ಪ್ಯಾಂಟು, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ ಹಾಕಿ ಬಂದರು. ಎಡಗಾಲಿನ ಹಿಮ್ಮಡಿಗೆ ನಾನು ಹಿಂದಿನ ದಿನವಷ್ಟೇ ರಫು ಹಾಕಿದ್ದೆ. ಅದನ್ನು ನೋಡಿ ಇವರ ಎದುರು ಹೇಗಪ್ಪ ಗೆಲ್ಲುವುದು ಅನಿಸಿತು. ತೀರ್ಪುಗಾರರು ಊರಿನ ದವಾಖಾನೆಯ ಕಂಪೌಂಡರು. ಮಾವ ಒಂದು ಸಲ ಹೊಡೆದರೆ ಒಂದು ಬಿಳಿ ಗುಳಿಗೆ, ನಾನು ಹೊಡೆದರೆ ಒಂದು ಗುಲಾಬಿ ಗುಳಿಗೆ ಎಡ ಜೇಬಿನಿಂದ ಬಲ ಜೇಬಿಗೆ ಹಾಕಿ ಲೆಕ್ಕ ಇಡುತ್ತಿದ್ದರು. ಯಾರ ಗುಳಿಗೆ ಕಡಿಮೆಯೋ ಅವರು ಗೆದ್ದಂತೆ. ನಮಗೆ ಮೀನು ತರುವಾಕೆ ಬುಟ್ಟಿ ಇಳಿಸಿ ಗದ್ದೆಯ ಅಂಚಿನ ಮೇಲೆ ಕೂತಳು.

"ಎಂತಾ ತಂಗಿ, ಮಾವನ ಮೇಲೆ ದೊಣ್ಣೆ ಎತ್ತಿದ್ಯಂತೆ? ಪ್ಯಾಟೆಲೆಲ್ಲಾ ಅದೇ ಸುದ್ದಿ."

"ಅವ್ರ ಮೇಲಲ್ಲ, ಚೆಂಡಿನ ಮೇಲೆ" ಎಂದೆ.

"ಬಂಗ್ಡೆ ಬೆಚ್ಚಗಾಗೂದ್ರೊಳ್ಗೆ ಮುಗ್ಸಿ ಮಾರಾಯ್ತಿ."

ಮಾವ ಸಣ್ಣದಾಗಿ, ನೇರವಾಗಿ ಹೊಡೆಯುತ್ತಿದ್ದರು. ನನ್ನದು ಹಾಕಿಯ ಹೊಡೆತ. ದೂರ ಹೋಗುತ್ತಿತ್ತು, ಎಲ್ಲಿಗೆ ಎಂಬುದು ಚೆಂಡಿನ ಇಷ್ಟ. ಎರಡನೆಯ ಗದ್ದೆಯಲ್ಲಿ ದನ ಅಡ್ಡ ಮಲಗಿತ್ತು. ದನವನ್ನು ಎಬ್ಬಿಸಬಹುದೇ ಎಂದು ಪುಸ್ತಕ ತೆಗೆದು ಓದಿದೆ. ನಾನು ಓದಿ ಮುಗಿಸುವುದರೊಳಗೆ ಅದೇ ಎದ್ದು ಹೋಯಿತು. ಐದು ಡಬ್ಬ ಮುಗಿದಾಗ ಕಂಪೌಂಡರು ಜೇಬಿಗೆ ಕೈ ಹಾಕಿ ಎಣಿಸಿದರು. ಬೆವರಿಗೆ ಗುಳಿಗೆ ಕರಗಲು ಶುರುವಾಗಿ ಅಂಗಿ ಗುಲಾಬಿಯಾಗಿತ್ತು. "ಸಮ ಸಮ. ಬೇಗ ಆಡಿ, ಇಲ್ಲಂದ್ರೆ ಎರಡೂ ಒಂದೇ ಔಷಧ ಆಗ್ತದೆ."

ಆರನೆಯ ಡಬ್ಬ ಜಟಗನ ಬನದ ಬುಡದಲ್ಲಿ. ಮಾವನ ಎರಡನೆಯ ಹೊಡೆತ ಗ್ರೀನಿನ ಮೇಲೆ ಮೆಲ್ಲಗೆ ಉರುಳಿ ಡಬ್ಬದಿಂದ ಒಂದು ಮೊಳ ದೂರದಲ್ಲಿ ನಿಂತಿತು. ಇನ್ನು ತಟ್ಟಿದರೆ ಸಾಕು. ಅತ್ತೆಯನ್ನು ನೋಡಿದೆ. ಅವರು ಸೆರಗಿನ ತುದಿಯನ್ನು ಮೂರು ಎಳೆ ಮಾಡಿ ಜಡೆ ಹೆಣೆಯುತ್ತಿದ್ದರು, ತಮಗೇ ಗೊತ್ತಿಲ್ಲದೆ. ನಾನು ಕಣ್ಣು ಚೆಂಡಿನ ಮೇಲಿಟ್ಟು ಹೊಡೆದೆ. "ಸಾರಿ" ಎನ್ನುವಷ್ಟರಲ್ಲಿ ಚೆಂಡು ಬಾವುಟದ ಮೇಲಿಂದ ಹಾರಿ ಬನದೊಳಗೆ ಬಿತ್ತು.

ಬನದೊಳಗೆ ಪೂಜೆ ಮಾಡುವ ಗುನಗನ ಹೊರತು ಯಾರೂ ಕಾಲಿಡುವುದಿಲ್ಲ. ಒಳಗೆ ಬಿದ್ದದ್ದು ಜಟಗನದ್ದು. ಅವನು ಕೊಟ್ಟರೆ ಮಾತ್ರ ವಾಪಸು. ತೆಂಗಿನಕಾಯಿ ಬಿದ್ದರೂ ಅದೇ ಕ್ರಮ.

"ಬಿದ್ದಲ್ಲಿಂದಲೇ ಆಡಬೇಕು. ಪುಸ್ತಕದಲ್ಲಿ ಉಂಟು" ಎಂದರು ಮಾವ, ದನಿ ಇಳಿಸಿ.

"ಪುಸ್ತಕ ಬರ್ದವರಿಗೆ ಜಟಗ ಗೊತ್ತಿಲ್ಲ" ಎಂದರು ಅತ್ತೆ. "ಗುನಗನ ಕರೀರಿ. ಪ್ರಸಾದ ಕೇಳ್ಸುವ."

ಗುನಗ ಯಾರದೋ ಮಾಡಿಗೆ ಸೋಗೆ ಹೊದಿಸುತ್ತಿದ್ದ. ಇಳಿದು, ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಬಂದ. ಕಲ್ಲಿನ ಎಡಬಲಕ್ಕೆ ನೀರಿನಲ್ಲಿ ಒಂದೊಂದು ಹೂವಿನ ಎಸಳು ಅಂಟಿಸಿ, "ಜಟಗಾ, ಒಡೆಯರ ಮನೆ ಸೊಸೆಯ ಗುಂಡು ನಿನ್ನ ಮಡಿಲಿಗೆ ಬಿದ್ದದೆ. ಕೊಡೂದಾದ್ರೆ ಬಲಕ್ಕೆ ಕೊಡು" ಎಂದು ಕೂಗಿದ. ಬಿಸಿಲು ನೆತ್ತಿಗೆ ಬಂತು. ಎಸಳು ಅಲುಗಲಿಲ್ಲ. ಮೀನಿನಾಕೆ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ಕಂಪೌಂಡರ ಅಂಗಿ ಪೂರ್ತಿ ಗುಲಾಬಿಯಾಯಿತು. ಕೊನೆಗೂ ಬಲಗಡೆಯ ಎಸಳು ಜಾರಿತು.

ಗುನಗ ಚೆಂಡನ್ನು ಬಾಳೆಲೆಯ ತುಂಡಿನಲ್ಲಿಟ್ಟು, ಕುಂಕುಮ ಹಚ್ಚಿ, ಮೇಲೊಂದು ಹೂವಿಟ್ಟು ಹೊರಗೆ ತಂದು ಯಜಮಾನರೆಂದು ಮಾವನ ಮುಂದೆ ಹಿಡಿದ. ಮಾವ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಅವರಿಗೆ ಹೊಳೆಯಿತು.

"ಇದನ್ನ ನೆಲಕ್ಕೆ ಇಡೂದು ಹೇಗೆ?"

"ಪ್ರಸಾದ ಯಾರಾದ್ರೂ ನೆಲಕ್ಕೆ ಇಡ್ತ್ರಾ ಒಡೆಯಾ?" ಎಂದ ಗುನಗ.

"ಇಟ್ಟು ಕಬ್ಬಿಣದ ಕೋಲಲ್ಲಿ ಹೊಡೀಬೇಕು" ಎಂದರು ಕಂಪೌಂಡರು, ನಿಯಮ ನೆನಪಿಸುವವರಂತೆ. ಗುನಗ ಎರಡು ಹೆಜ್ಜೆ ಹಿಂದೆ ಸರಿದ.

ನಾನು ಪುಸ್ತಕ ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಚೆಂಡು ಒಡೆದರೆ, ಮುಳುಗಿದರೆ, ಪ್ರಾಣಿ ಕಚ್ಚಿಕೊಂಡು ಹೋದರೆ ಏನೆಂದು ಇತ್ತು. ಚೆಂಡು ಪ್ರಸಾದವಾದರೆ ಏನೆಂದು ಇರಲಿಲ್ಲ. ನೀಲಗಿರಿಯಿಂದ ತಂದ ಚೆಂಡುಗಳಲ್ಲಿ ಉಳಿದದ್ದು ಎರಡೇ, ಇನ್ನು ನನಗೆ ಆಡುವುದಕ್ಕೆ ಚೆಂಡಿಲ್ಲ. ಮಾವ ತಮ್ಮದನ್ನು ತಟ್ಟಿ ಡಬ್ಬಕ್ಕೆ ಬೀಳಿಸಿದರೆ ಆಟವೂ ಗದ್ದೆಯೂ ಅವರದ್ದು. ಅವರು ಬಾಳೆಲೆಯನ್ನು ನನ್ನ ಕೈಗೆ ಕೊಟ್ಟು, ಕೋಲು ಹಿಡಿದು ಬಗ್ಗಿದರು. ಒಂದು ಮೊಳ. ಮೂವತ್ತು ವರ್ಷ ಬೇರೆಯವರು ತಟ್ಟುವುದನ್ನು ನೋಡಿದ ಹೊಡೆತ.

"ಹೊಡೀರಿ ಒಡೆಯಾ" ಎಂದಳು ಮೀನಿನಾಕೆ. "ಸೊಸೆಯ ಗುಂಡು ಈಗ ಜಟಗಂದು. ಅವ್ನನ್ನೇ ಸೋಲ್ಸಿ ಬಿಡಿ. ಊರಲ್ಲಿ ಯಾರೂ ಇದುವರೆಗೆ ಸೋಲ್ಸಿದ್ದಿಲ್ಲ."

ಮಾವನ ಕೋಲು ಚೆಂಡಿನ ಹಿಂದೆ ನಿಂತೇ ಇತ್ತು. ಕಾಲುಚೀಲದ ರಫು ಬಿಟ್ಟುಕೊಂಡು ಹಿಮ್ಮಡಿ ಕಾಣುತ್ತಿತ್ತು. ಅವರು ಬನದ ಕಡೆ ಒಮ್ಮೆ ನೋಡಿದರು, ಅತ್ತೆಯ ಕಡೆ ಒಮ್ಮೆ. ಬೆನ್ನು ನೆಟ್ಟಗೆ ಮಾಡಿ, ಚೆಂಡನ್ನು ಅಲ್ಲೇ ಬಿಟ್ಟು, ಮನೆಯ ಕಡೆ ನಡೆದರು. ಹಾಗೆ ಹೋಗುವಾಗಲೂ ದಾರಿಯ ಗದ್ದೆಗಳಲ್ಲಿ ಸಾರಿಸಿದ ಗ್ರೀನುಗಳನ್ನು ಮೆಟ್ಟದೆ ಸುತ್ತುಹಾಕಿ ಹೋದರು.

ಬಾಳೆಲೆಯ ಚೆಂಡನ್ನು ನಾನು ದೇವರ ಕೋಣೆಯಲ್ಲಿ ಶಂಖದ ಪಕ್ಕ ಇಟ್ಟೆ. ಮರುದಿನ ನೇಗಿಲು ಬಂತು. ಬುಧವಾರದೊಳಗೆ ಸಸಿ ನೆಟ್ಟಾಯಿತು. ಬೇಕೆಂದೇ ಬನಕ್ಕೆ ಹೊಡೆದೆಯಾ ಎಂದು ಅತ್ತೆ ಪಿಸುದನಿಯಲ್ಲಿ ಕೇಳಿದರು. ಇಲ್ಲ ಎಂದೆ. ಸತ್ಯವನ್ನೇ ಹೇಳಿದ್ದು, ಅವರು ನಂಬಲಿಲ್ಲ. ಆ ವರ್ಷವಿಡೀ ಇಸ್ವಾಣ ಮೀನು ತಂದ ದಿನ ನಡು ತುಂಡು ನನ್ನ ತಟ್ಟೆಗೇ ಬೀಳುತ್ತಿತ್ತು. ಹಲಗೆಗೆ ಯಾರ ಹೆಸರು ಎಂದು ಪೇಂಟರ್ ಕೇಳಿದಾಗ ಮಾವ ಒಳಗಿನಿಂದಲೇ "ಜಟಗ" ಎಂದರು. ಅವನು ಬರೆದು, ಪಕ್ಕದಲ್ಲಿ ಮೀನು ಬಿಡಿಸಿದ. ಸುಗ್ಗಿಯಲ್ಲಿ ಮೊದಲ ಗೊಂಚಲನ್ನು ಬನದ ಅಂಚಿನವರೆಗೆ ಮಾವನೇ ಹೊತ್ತುಕೊಂಡು ಹೋಗಿ ಗುನಗನ ಕೈಗೆ ಕೊಟ್ಟರು, ಗೆದ್ದವನಿಗೆ ಕಪ್ ಕೊಡುವ ಹಾಗೆ, ಕೈ ಕುಲುಕಲು ಮಾತ್ರ ಆಗಲಿಲ್ಲ.

ಮಾವ ಬಿಟ್ಟುಹೋದ ಚೆಂಡು ನೇಗಿಲಿಗೆ ಸಿಕ್ಕಿ ಮಣ್ಣಿನೊಳಗೆ ಹೋಗಿತ್ತು. ಮಾವನಿಗೆ ಎಂಬತ್ತು ದಾಟಿ ಎರಡು ಮೂರು ವರ್ಷವಾದ ಮೇಲೆ ಒಂದು ದಿನ ಈರುಳ್ಳಿ ಕೀಳುವಾಗ ಅತ್ತೆಯ ಕೈಗೆ ಸಿಕ್ಕಿತು. ಗಡ್ಡೆಯೆಂದು ಬುಟ್ಟಿಗೆ ಹಾಕಿದ್ದರಂತೆ. ಜಡೆ ಹೆಣೆಯುವಾಗ ಎಲೆ ಸಿಗದೆ ನೋಡಿದರೆ ಇದು. ಜಗಲಿಗೆ ತಂದು ಮಾವನ ಕೈಯಲ್ಲಿಟ್ಟರು. ಮಾವ ಮೂಸಿ ನೋಡಿದರು.

"ಈರುಳ್ಳಿ ವಾಸ್ನೆ."

"ಮತ್ತೆಂತಾ, ನೀಲಗಿರಿ ವಾಸ್ನೆ ಬರೂಕಾ?"

ಮಾವ ಎದ್ದು ಅಟ್ಟದಿಂದ ಒಂದು ಕೋಲು ಇಳಿಸಿದರು. ಅಂಗಳದಲ್ಲಿ ಒಂದು ತೆಂಗಿನ ಕರಟವನ್ನು ಮಗ್ಗುಲಾಗಿ ಇಟ್ಟು, ಅಲ್ಲಿಂದ ಒಂದು ಮೊಳ ಅಳೆದು ಚೆಂಡಿಟ್ಟರು. ಬಹಳ ಹೊತ್ತು ಬಗ್ಗಿ ನಿಂತು ತಟ್ಟಿದರು. ಚೆಂಡು ಕರಟದ ಬದಿಗೆ ಉಜ್ಜಿಕೊಂಡು ಮುಂದೆ ಹೋಗಿ ತುಳಸಿಕಟ್ಟೆಯ ಬುಡದಲ್ಲಿ ನಿಂತಿತು.

"ಗಾಳಿ ಇತ್ತು" ಎಂದರು ಮಾವ.

ಮಾಡಿನಂಚಿಗೆ ತೂಗಿದ ಗೊಂಚಲುಗಳ ಒಣ ಸಿಪ್ಪೆ ಕೂಡ ಅಲುಗುತ್ತಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ.

"ಹೌದು, ಇತ್ತು" ಎಂದರು ಅತ್ತೆ, ಮತ್ತೆ ಮೂರು ಎಳೆ ಈರುಳ್ಳಿ ಕೈಗೆತ್ತಿಕೊಂಡರು.